ಜಲಾಗಾರ ಖಾಲಿ ಮಾಡುವ ಮುನ್ನ: ದುರಸ್ತಿಯ ದಿನಗಳಲ್ಲಿ ನಗರದ ನೀರಿನ ಬೇಡಿಕೆ ನಿಭಾಯಿಸುವ ಕ್ರಮ

ನಗರಕ್ಕೆ ನೀರು ಕೊಡುವ ಜಲಾಗಾರವೊಂದನ್ನು ದುರಸ್ತಿಗೆಂದು ನಿಲ್ಲಿಸುವ ಮಾತು ಬಂದಾಗ ಸಭೆಯಲ್ಲಿ ಮೊದಲು ಕೇಳಿಬರುವ ಪ್ರಶ್ನೆ, ‘ದಿನಕ್ಕೆ ಎಷ್ಟು ನೀರು ಕಡಿಮೆ ಬೀಳುತ್ತದೆ?’ ಎಂಬುದು. ಬಹಳ ಸಲ ಇದಕ್ಕೆ ಸಿಗುವ ಉತ್ತರ ಸೊನ್ನೆ. ಶುದ್ಧೀಕರಣ ಘಟಕ ಎಂದಿನಂತೆ ಓಡುತ್ತಿರುತ್ತದೆ, ಪಂಪು ಎಂದಿನಂತೆ ನೀರೆತ್ತುತ್ತಿರುತ್ತದೆ. ಹೀಗಿದ್ದೂ ದುರಸ್ತಿಯ ಮೊದಲ ಬೆಳಿಗ್ಗೆ ಏಳೂವರೆಗೆ ಎತ್ತರದ ಬಡಾವಣೆಗಳಲ್ಲಿ ನಲ್ಲಿ ಒಣಗಿರುತ್ತದೆ. ದಿನದ ಲೆಕ್ಕ ಸರಿಯಿತ್ತು, ಗಂಟೆಯ ಲೆಕ್ಕವನ್ನು ಯಾರೂ ಹಾಕಿರಲಿಲ್ಲ. ಈ ಮಾರ್ಗದರ್ಶಿ ಶುರುವಾಗುವುದೇ ಆ ಲೆಕ್ಕದಿಂದ. ನೀರು ಸರಬರಾಜು ಸಿಬ್ಬಂದಿಗೂ ವಸತಿ ಸಮುಚ್ಚಯಗಳ ನಿರ್ವಾಹಕರಿಗೂ ಉಪಯೋಗವಾಗಲೆಂದು ಇದನ್ನು ಬರೆಯಲಾಗಿದೆ.

ಯಾವುದು ನಿಲ್ಲುತ್ತಿದೆ?

‘ಜಲಾಗಾರದ ದುರಸ್ತಿ’ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಕೆಲಸಗಳಿವೆ.

ಅಣೆಕಟ್ಟಿನ ಗೇಟು, ನೀರೆತ್ತುವ ಗೋಪುರ ಅಥವಾ ಸುರಂಗದ ದುರಸ್ತಿಯಾದರೆ ಕಚ್ಚಾ ನೀರಿಗೇ ಕೊರತೆ. ಆಗ ದಿನದ ಒಟ್ಟು ಬಳಕೆಯೇ ಇಳಿಯಬೇಕು. ಇಂಥ ಕೆಲಸ ವಾರಗಳಿಂದ ತಿಂಗಳುಗಟ್ಟಲೆ ನಡೆಯಬಹುದು.

ಶುದ್ಧೀಕರಣ ಘಟಕದೊಳಗಿನ ಶುದ್ಧನೀರಿನ ತೊಟ್ಟಿ ನಿಂತರೆ ನೀರಿಗೂ ಕ್ಲೋರಿನ್‌ಗೂ ಸಿಗುವ ಸಂಪರ್ಕದ ಸಮಯ ಕಡಿಮೆಯಾಗುತ್ತದೆ. ಕ್ಲೋರಿನ್ ತನ್ನ ಕೆಲಸ ಮುಗಿಸಲು ಕನಿಷ್ಠ 30 ನಿಮಿಷ ಬೇಕು, ಆ ಬಳಿಕವೂ ಲೀಟರಿಗೆ 0.5 ಮಿಲಿಗ್ರಾಂ ಉಳಿದಿರಬೇಕು. ಬೈಪಾಸ್ ಮೂಲಕ ನೀರನ್ನು ನೇರವಾಗಿ ಪಂಪಿಗೆ ಬಿಟ್ಟರೆ ಆ ಅರ್ಧ ಗಂಟೆ ಎಲ್ಲಿ ಸಿಗುತ್ತದೆ, ಮುಖ್ಯ ಕೊಳವೆಯಲ್ಲೇ ಸಿಗುತ್ತದೆಯೇ, ಅದಕ್ಕೂ ಮುಂಚೆ ಯಾರಾದರೂ ನಲ್ಲಿ ಜೋಡಿಸಿಕೊಂಡಿದ್ದಾರೆಯೇ ಎಂದು ನಕ್ಷೆ ಹಿಡಿದು ನೋಡಬೇಕು.

ಬಡಾವಣೆಗೆ ನೀರು ಹಂಚುವ ನೆಲಮಟ್ಟದ ಅಥವಾ ಎತ್ತರದ ಟ್ಯಾಂಕು ನಿಂತರೆ ಒಟ್ಟು ನೀರಿನಲ್ಲಿ ಯಾವ ಕಡಿತವೂ ಇಲ್ಲ. ರಾತ್ರಿ ತುಂಬಿಸಿಟ್ಟು ಬೆಳಿಗ್ಗೆ ಕೊಡುವ ಅನುಕೂಲವಷ್ಟೇ ಹೋಗುತ್ತದೆ. ಹೆಚ್ಚಾಗಿ ನಡೆಯುವ ಕೆಲಸ ಇದೇ, ಯೋಜನೆ ಹೆಚ್ಚಾಗಿ ತಪ್ಪುವುದೂ ಇಲ್ಲೇ.

ಗಂಟೆಯ ಲೆಕ್ಕ

ಒಂದು ಉದಾಹರಣೆ ಹಿಡಿಯೋಣ. ದಿನಕ್ಕೆ 4 ಕೋಟಿ ಲೀಟರ್ ಬಳಸುವ ನಗರ. ಘಟಕದಿಂದ ಗಂಟೆಗೆ 16.7 ಲಕ್ಷ ಲೀಟರ್ ಒಂದೇ ಸಮನೆ ಬರುತ್ತದೆ. ಬೆಳಿಗ್ಗೆ 6ರಿಂದ 10ರವರೆಗೆ ಜನ ಗಂಟೆಗೆ 30 ಲಕ್ಷ ಲೀಟರ್ ಎಳೆಯುತ್ತಾರೆ. ಸಂಜೆ 5ರಿಂದ 8ರವರೆಗೆ ಗಂಟೆಗೆ 23.3 ಲಕ್ಷ. ಉಳಿದ 17 ಗಂಟೆಗಳಲ್ಲಿ ಸರಾಸರಿ 12.35 ಲಕ್ಷ. ಬರುವ ನೀರಿಗಿಂತ ಬೆಳಿಗ್ಗೆ ಹೆಚ್ಚಿಗೆ ಹೋಗುವುದು 53 ಲಕ್ಷ ಲೀಟರ್, ಸಂಜೆ 20 ಲಕ್ಷ. ಈ ಹೆಚ್ಚುವರಿಯನ್ನು ಹೊತ್ತುಕೊಂಡಿರುವುದು 80 ಲಕ್ಷ ಲೀಟರಿನ ಎರಡು ಕೋಣೆಯ ಜಲಾಗಾರ.

ಒಂದು ಕೋಣೆ ದುರಸ್ತಿಗೆ ಹೋದರೆ ಉಳಿಯುವುದು 40 ಲಕ್ಷ. ಅದರಲ್ಲಿ ತಳದ ಎಳೆಯಲಾಗದ ನೀರು ಮತ್ತು ಬೆಂಕಿ ಆರಿಸಲು ಕಾಯ್ದಿಡುವ ನೀರಿಗೆಂದು 10 ಲಕ್ಷ ತೆಗೆದಿಟ್ಟರೆ ಕೈಗೆ ಸಿಗುವುದು 30 ಲಕ್ಷ. ಬೆಳಗಿನ ಕೊರತೆ 23 ಲಕ್ಷ ಲೀಟರ್, ಅಂದರೆ ಬೆಳಗಿನ ಒಟ್ಟು ಬಳಕೆ 1.2 ಕೋಟಿಯಲ್ಲಿ ಸುಮಾರು ಐದರಲ್ಲೊಂದು ಭಾಗ. ‘ನೀರು ಮಿತವಾಗಿ ಬಳಸಿ’ ಎಂಬ ಸಾಮಾನ್ಯ ಮನವಿಗೂ ‘ಬೆಳಿಗ್ಗೆ 6ರಿಂದ 10ರೊಳಗಿನ ಬಳಕೆಯಲ್ಲಿ ಐದರಲ್ಲೊಂದು ಪಾಲು ಬೇರೆ ಹೊತ್ತಿಗೆ ಹೋಗಲಿ’ ಎಂಬ ಕೋರಿಕೆಗೂ ಬಹಳ ಅಂತರವಿದೆ. ಎರಡನೆಯದನ್ನು ಜನ ನಿಜಕ್ಕೂ ಮಾಡಬಲ್ಲರು.

ಹಾಗಾದರೆ ಯಾವ ಹೊತ್ತಿಗೆ? ಮಧ್ಯಾಹ್ನಕ್ಕೆ ಎಂದು ಎಲ್ಲರೂ ಥಟ್ಟನೆ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿ. 10ರಿಂದ 5ರವರೆಗಿನ ಏಳು ಗಂಟೆಗಳಲ್ಲಿ ಜಲಾಗಾರಕ್ಕೆ ಮರಳಿ ತುಂಬುವುದು 30 ಲಕ್ಷ ಲೀಟರ್. ಬೆಳಗಿನ 23 ಲಕ್ಷವನ್ನು ಅಲ್ಲಿಗೆ ದೂಡಿದರೆ ಸಂಜೆಗೆ ಉಳಿಯುವುದು ಬರೀ 7 ಲಕ್ಷ, ಬೇಕಾಗುವುದು 20 ಲಕ್ಷ. ಬೆಳಿಗ್ಗೆ ಬಚಾವಾಗಿ ಸಂಜೆ ಸಿಕ್ಕಿಬಿದ್ದಂತೆ. ರಾತ್ರಿ 8ರಿಂದ ಬೆಳಿಗ್ಗೆ 6ರವರೆಗೆ ಹೆಚ್ಚುಳಿಯುವುದು 43 ಲಕ್ಷ. ಆ 23 ಲಕ್ಷವನ್ನು ಅಲ್ಲಿಗೆ ಸರಿಸಿದರೆ ಬೆಳಿಗ್ಗೆ ಆರಕ್ಕೆ ಜಲಾಗಾರ ಹೆಚ್ಚುಕಡಿಮೆ ತುಂಬಿಕೊಳ್ಳುತ್ತದೆ. ಆದ್ದರಿಂದ ಬಟ್ಟೆ ಒಗೆಯುವ ಯಂತ್ರ, ಮೇಲಿನ ಟ್ಯಾಂಕಿಗೆ ಮೋಟಾರು, ಸಂಪು ತುಂಬಿಸುವುದು, ಇವೆಲ್ಲ ರಾತ್ರಿ ಒಂಬತ್ತರ ಮೇಲೆ ಎಂದು ಹೇಳಬೇಕು.

ನಿಮ್ಮ ನಗರದ ಅಂಕಿಗಳು ಬೇರೆಯಿರುತ್ತವೆ. ಜಲಾಗಾರದ ಹೊರಹರಿವಿನ ಮೀಟರನ್ನು ಏಳು ದಿನ ಗಂಟೆಗೊಮ್ಮೆ ಬರೆದುಕೊಂಡರೆ ನಿಮ್ಮದೇ ಪಟ್ಟಿ ಸಿಗುತ್ತದೆ. ಮೀಟರಿಲ್ಲದಿದ್ದರೆ ಟ್ಯಾಂಕಿನ ನೀರಿನ ಮಟ್ಟವೇ ಸಾಕು: ಒಳಬರುವ ಪಂಪಿನ ಹರಿವು ಗೊತ್ತಿದ್ದರೆ ಒಂದು ಗಂಟೆಯಲ್ಲಿ ಮಟ್ಟ ಎಷ್ಟು ಏರಿತು ಅಥವಾ ಇಳಿಯಿತು ಎಂಬುದರಿಂದ ಬಳಕೆ ತಿಳಿಯುತ್ತದೆ. ವಾರದ ರಜಾದಿನವನ್ನು ಬಿಡಬೇಡಿ. ಅಂದು ಬೆಳಗಿನ ಏರಿಕೆ ತಡವಾಗಿ ಬಂದು ಮಧ್ಯಾಹ್ನದವರೆಗೂ ಚಾಚುತ್ತದೆ.

ಎರಡು ತಿಂಗಳು ಮುಂಚೆ: ವಾಲ್ವುಗಳ ಬಳಿಗೆ

ಜಲಾಗಾರವನ್ನು ಬೇರ್ಪಡಿಸುವ ವಾಲ್ವುಗಳನ್ನು ವರ್ಷಗಳಿಂದ ಯಾರೂ ಮುಟ್ಟಿರುವುದಿಲ್ಲ. ಕೆಲಸದ ದಿನವೇ ಅವನ್ನು ತಿರುಗಿಸಲು ಹೋಗುವುದು ದೊಡ್ಡ ತಪ್ಪು. ಕನಿಷ್ಠ ಎರಡು ತಿಂಗಳು ಮುಂಚೆ ಪ್ರತಿಯೊಂದನ್ನೂ ಪೂರ್ತಿ ಮುಚ್ಚಿ, ತೆರೆದು ನೋಡಿ.

300 ಮಿಲಿಮೀಟರಿನ ಸ್ಲೂಸ್ ವಾಲ್ವಿಗೆ (ಒಳಗಿನ ಲೋಹದ ಗೇಟು ಇಳಿದು ನೀರು ತಡೆಯುವ ವಾಲ್ವು) ಪೂರ್ತಿ ಮುಚ್ಚಲು ಸುಮಾರು 38 ಸುತ್ತು ಬೇಕು. ಇಂಚಿನಲ್ಲಿ ವ್ಯಾಸವನ್ನು ಮೂರರಿಂದ ಗುಣಿಸಿ ಎರಡೋ ಮೂರೋ ಕೂಡಿಸಿದರೆ ಅಂದಾಜು ಸಿಗುತ್ತದೆ. ನೀರುಗಂಟಿ ಸುತ್ತು ಎಣಿಸಬೇಕು, ಪಕ್ಕದಲ್ಲಿ ಒಬ್ಬರು ಬರೆದುಕೊಳ್ಳಬೇಕು. 30ನೇ ಸುತ್ತಿಗೇ ಕೀಲಿ ಬಿಗಿಯಾಯಿತೆಂದರೆ ವಾಲ್ವು ಮುಚ್ಚಿತೆಂದಲ್ಲ. ಗೇಟು ಕೂರುವ ತಗ್ಗಿನಲ್ಲಿ ಕೆಸರು, ತುಕ್ಕಿನ ಚಕ್ಕೆ ತುಂಬಿಕೊಂಡಿದೆ. ಅಲ್ಲಿ ಇಬ್ಬರು ಸೇರಿ ಉದ್ದ ಕೋಲು ಹಾಕಿ ಒತ್ತಿದರೆ ಗೇಟನ್ನು ಏರಿಸಿಳಿಸುವ ಸ್ಪಿಂಡಲ್ ಮುರಿಯುತ್ತದೆ, ಗೇಟು ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಐದರಿಂದ ಹತ್ತು ಸುತ್ತು ಹಿಂದಕ್ಕೆ ತೆರೆಯಿರಿ. ಕಿರಿದಾದ ಸಂದಿಯಲ್ಲಿ ವೇಗವಾಗಿ ನುಗ್ಗುವ ನೀರು ಕೆಸರನ್ನು ತೊಳೆದೊಯ್ಯುತ್ತದೆ. ಕೆಲವು ನಿಮಿಷ ಬಿಟ್ಟು ಮತ್ತೆ ಮುಚ್ಚಿ. ಹೀಗೆ ಮೂರು ನಾಲ್ಕು ಸಲ ಮಾಡಿದರೆ ಬಹುತೇಕ ವಾಲ್ವುಗಳು ಪೂರ್ತಿ ಕೂರುತ್ತವೆ. ಕೊನೆಯ ಸುತ್ತುಗಳನ್ನು ಆದಷ್ಟು ನಿಧಾನವಾಗಿ ತಿರುಗಿಸಿ, ಏಕೆಂದರೆ ಹರಿವು ನಿಜವಾಗಿ ಕಡಿಮೆಯಾಗುವುದೇ ಅಲ್ಲಿ. ಸೆಕೆಂಡಿಗೆ ಒಂದು ಮೀಟರ್ ವೇಗದ ನೀರನ್ನು ಕಬ್ಬಿಣದ ಕೊಳವೆಯಲ್ಲಿ ಒಮ್ಮೆಗೇ ನಿಲ್ಲಿಸಿದರೆ ಸುಮಾರು 100 ಮೀಟರ್ ಎತ್ತರದ ನೀರಿನಷ್ಟು ಹೆಚ್ಚುವರಿ ಒತ್ತಡ ಬಡಿಯುತ್ತದೆ. ಹಳೆಯ ಜೋಡಣೆಗಳು ಒಡೆಯುವುದು ಈ ಬಡಿತಕ್ಕೆ.

ವಾಲ್ವು ಮುಚ್ಚಿದ ಮೇಲೂ ನೀರು ಹಾಯುತ್ತಿದೆಯೇ ಎಂದು ತಿಳಿಯಲು ಟ್ಯಾಂಕಿನ ಎಲ್ಲ ವಾಲ್ವು ಮುಚ್ಚಿ ಒಂದು ಗಂಟೆ ಮಟ್ಟ ನೋಡಿ. 1,000 ಚದರ ಮೀಟರ್ ಅಗಲದ ತೊಟ್ಟಿಯಲ್ಲಿ ಒಂದು ಸೆಂಟಿಮೀಟರ್ ವ್ಯತ್ಯಾಸವೆಂದರೆ 10,000 ಲೀಟರ್. ಆ ವಾಲ್ವನ್ನು ನಂಬಿ ಒಳಗೆ ಜನರನ್ನು ಇಳಿಸಬಾರದು.

ಬದಲಿ ದಾರಿಯಿಂದ ನೀರು ಕೊಡುವ ಯೋಜನೆಯಿದ್ದರೆ ಕೊಳವೆಯಲ್ಲಿ ಹರಿವಿನ ದಿಕ್ಕು ಎಲ್ಲಿ ತಿರುಗುಮುರುಗಾಗುತ್ತದೆ ಎಂದು ಗುರುತಿಸಿ. ಒಂದೇ ದಿಕ್ಕಿಗೆ ಹರಿದು ತಳದಲ್ಲಿ ಕೂತ ಕೆಸರು ದಿಕ್ಕು ಬದಲಾದೊಡನೆ ಎದ್ದು ನಲ್ಲಿಯಲ್ಲಿ ಕಂದು ನೀರಾಗಿ ಬರುತ್ತದೆ. ಅಂಥ ಕೊಳವೆಗಳನ್ನು ದುರಸ್ತಿಗೆ ಎರಡು ವಾರ ಮುಂಚೆಯೇ, ರಾತ್ರಿ ಹೊತ್ತು, ಸ್ಕವರ್ ವಾಲ್ವು (ತಳದ ಕೆಸರು ನೀರನ್ನು ಹೊರಬಿಡುವ ವಾಲ್ವು) ತೆರೆದು ಸೆಕೆಂಡಿಗೆ ಸುಮಾರು 0.9 ಮೀಟರ್ ವೇಗದಲ್ಲಿ ತೊಳೆದುಬಿಡಬೇಕು.

ಸೋರಿಕೆ ಮತ್ತು ಒತ್ತಡ

ಜನರನ್ನು ಕೇಳುವ ಮೊದಲು ಕೊಳವೆಯನ್ನು ಕೇಳಬೇಕು. ರಾತ್ರಿ 2ರಿಂದ 4ರ ನಡುವೆ ವಲಯಕ್ಕೆ ಹೋಗುವ ನೀರಿನ ಬಹುಪಾಲು ಸೋರಿಕೆ, ಮತ್ತೆ ತುಂಬುತ್ತಿರುವ ಸಂಪುಗಳು. ಆ ಹೊತ್ತಿನ ಹರಿವನ್ನು ವಲಯವಾರು ಅಳೆದು, ಮನೆಗಳ ಸಂಖ್ಯೆಗೆ ಹೋಲಿಸಿದರೆ ಅತಿ ಹೆಚ್ಚಿರುವ ಎರಡು ಮೂರು ವಲಯಗಳಲ್ಲಿ ಮೊದಲು ಸೋರಿಕೆ ಹುಡುಕಿ.

ಸೋರಿಕೆಗೂ ಒತ್ತಡಕ್ಕೂ ನೇರ ನಂಟಿದೆ. ಸ್ಥೂಲವಾಗಿ ಒತ್ತಡ ಶೇ. 20 ಇಳಿದರೆ ಸೋರಿಕೆಯೂ ಅಷ್ಟೇ ಇಳಿಯುತ್ತದೆ. ಪ್ಲಾಸ್ಟಿಕ್ ಕೊಳವೆಯ ಬಿರುಕುಗಳಲ್ಲಿ ಇನ್ನೂ ಹೆಚ್ಚು, ಲೋಹದ ಕೊಳವೆಯ ತೂತುಗಳಲ್ಲಿ ಕಡಿಮೆ. ನಮ್ಮ ಉದಾಹರಣೆಯ ನಗರದಲ್ಲಿ ಗಂಟೆಗೆ 6 ಲಕ್ಷ ಲೀಟರ್ ಸೋರಿಕೆಯಿದ್ದರೆ ಇದರಿಂದ ಗಂಟೆಗೆ 1.2 ಲಕ್ಷ ಉಳಿಯುತ್ತದೆ, ಬೆಳಗಿನ ನಾಲ್ಕು ಗಂಟೆಗೆ ಸುಮಾರು 5 ಲಕ್ಷ. ಬಳಕೆ ಹೆಚ್ಚಿರುವ ಹೊತ್ತಿನಲ್ಲಿ ಒತ್ತಡ ಮೊದಲೇ ಇಳಿದಿರುವುದರಿಂದ ಅಷ್ಟೂ ಕೈಗೆ ಬಾರದು. ಆದರೂ ಯಾರ ಬಕೆಟ್ಟಿನಿಂದಲೂ ಕಸಿಯದೆ ಸಿಗುವ ನೀರು ಇದು.

ಒತ್ತಡ ಇಳಿಸುವಾಗ ತಗ್ಗಿನ ವಲಯಗಳನ್ನು ಮಾತ್ರ ಹಿಡಿಯಿರಿ. ಎಲ್ಲ ಕಡೆ ಒಂದೇ ಸಮ ಇಳಿಸಿದರೆ ತಗ್ಗಿನವರಿಗೆ ಏನೂ ಗೊತ್ತಾಗುವುದಿಲ್ಲ, ಎತ್ತರದವರಿಗೆ ನೀರೇ ಇಲ್ಲ. ಪ್ರತಿ ವಲಯದ ಅತಿ ಎತ್ತರದ ಮತ್ತು ಅತಿ ದೂರದ ನಲ್ಲಿಗೆ ಒಂದು ಒತ್ತಡ ಮಾಪಕ ಹಾಕಿ. ಬೀದಿಯ ಕೊಳವೆಯಲ್ಲಿ ಸುಮಾರು 14 ಮೀಟರ್ ಎತ್ತರದ ನೀರಿನಷ್ಟು ಒತ್ತಡ ಉಳಿಸಿಕೊಳ್ಳುವುದು ಒಳ್ಳೆಯ ಗಡಿ.

ಸರದಿಯ ಮೇಲೆ ಪೂರ್ತಿ ನೀರು ನಿಲ್ಲಿಸುವ ದಾರಿಯನ್ನು ಕೊನೆಗೆ ಇಟ್ಟುಕೊಳ್ಳಿ. ಮುಖ್ಯ ಕಾರಣ ಆರೋಗ್ಯದ್ದು. ಕೊಳವೆ ಖಾಲಿಯಾದಾಗ ಒಳಗಿನ ಒತ್ತಡ ಹೊರಗಿಗಿಂತ ಕಡಿಮೆಯಾಗಿ, ಸೋರುತ್ತಿದ್ದ ಅದೇ ಬಿರುಕುಗಳಿಂದ ಸುತ್ತಲಿನ ಕೊಳಚೆ ಒಳಗೆಳೆದುಕೊಳ್ಳುತ್ತದೆ. ಇನ್ನೊಂದು ಕಾರಣ ಲೆಕ್ಕದ್ದು. ಸರದಿ ಬಂದಾಗ ಎಲ್ಲರೂ ಇದ್ದಬದ್ದ ಪಾತ್ರೆಯನ್ನೆಲ್ಲ ತುಂಬಿಕೊಳ್ಳುತ್ತಾರೆ, ಮರುದಿನ ಹೊಸ ನೀರು ಬಂದಾಗ ಹಳೆಯದನ್ನು ಚೆಲ್ಲುತ್ತಾರೆ. ಕಡಿಮೆ ಒತ್ತಡದಲ್ಲಾದರೂ ಎಡೆಬಿಡದೆ ಬರುವ ನೀರೇ ಮೇಲು.

ಪ್ರಕಟಣೆಯೇ ಬೇಡಿಕೆ ಹೆಚ್ಚಿಸುತ್ತದೆ

‘ನಾಳೆ ನೀರು ಬರುವುದಿಲ್ಲ’ ಎಂದು ಒಂದೇ ದಿನ ಇಡೀ ಊರಿಗೆ ಸಾರಿದರೆ ಏನಾಗುತ್ತದೆ? 70 ಸಾವಿರ ಮನೆಗಳು ತಲಾ 200 ಲೀಟರ್ ಹೆಚ್ಚಿಗೆ ತುಂಬಿಟ್ಟರೆ 1.4 ಕೋಟಿ ಲೀಟರ್, ನಮ್ಮ ನಗರದ ದಿನದ ಪೂರೈಕೆಯ ಮೂರನೇ ಒಂದಕ್ಕೂ ಹೆಚ್ಚು. ಜಲಾಗಾರ ದುರಸ್ತಿಗೆ ಮುಂಚಿನ ರಾತ್ರಿಯೇ ಬರಿದಾಗುತ್ತದೆ. ಪ್ರಕಟಣೆಯನ್ನು ಹೀಗೆ ಬಿಡಿಸಿಕೊಳ್ಳಿ:

1. ಮೂರು ವಾರ ಮುಂಚೆ: ದುರಸ್ತಿ ಏಕೆ, ಯಾವಾಗ, ಎಷ್ಟು ದಿನ. ತುಂಬಿಟ್ಟುಕೊಳ್ಳುವ ಮಾತು ಈಗ ಬೇಡ. ಸೋರುವ ನಲ್ಲಿ, ಫ್ಲಶ್ ತೊಟ್ಟಿ ಸರಿಪಡಿಸಿಕೊಳ್ಳಿ ಎಂದಷ್ಟೇ ಹೇಳಿ.
2. ಒಂದು ವಾರ ಮುಂಚೆ: ಪ್ರತಿ ವಲಯಕ್ಕೂ ಬೇರೆ ಬೇರೆ ತುಂಬಿಸುವ ರಾತ್ರಿ. ಎತ್ತರದ ವಲಯಗಳಿಗೆ ಮೊದಲ ಸರದಿ.
3. ಹಿಂದಿನ ದಿನ: ಎಷ್ಟು ತುಂಬಿಡಬೇಕು ಎಂಬ ಅಳತೆ. ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ 5ರಿಂದ 7 ಲೀಟರ್ ಮುಚ್ಚಿದ ಪಾತ್ರೆಯಲ್ಲಿ. ಉಳಿದ ಬಳಕೆಗೆ ಬೇರೆ.
4. ದುರಸ್ತಿಯ ಉದ್ದಕ್ಕೂ: ದಿನಕ್ಕೊಂದೇ ಅಂಕಿ. ನಿನ್ನೆ ಇಷ್ಟು ಬಳಸಿದೆವು, ಗುರಿ ಇಷ್ಟು.

ಈ ನಾಲ್ಕನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೇಪ್‌ಟೌನ್ ನಗರ 2018ರ ಬರದಲ್ಲಿ ತಲೆಗೆ ದಿನಕ್ಕೆ 50 ಲೀಟರ್ ಎಂಬ ಗುರಿ ಇಟ್ಟುಕೊಂಡಾಗ ಜಲಾಶಯಗಳ ಮಟ್ಟ ಮತ್ತು ನಗರದ ಬಳಕೆಯ ಅಂಕಿಗಳನ್ನು ಜನರ ಮುಂದೆ ಬಿಡದೆ ಇಡುತ್ತಿತ್ತು. ಜೊತೆಗೆ ಕೊಳವೆಗಳ ಒತ್ತಡವನ್ನೂ ತಗ್ಗಿಸಿತು. ಗುರಿ ಕಣ್ಣಿಗೆ ಕಂಡರೆ ಜನ ಅದರತ್ತ ನಡೆಯುತ್ತಾರೆ. ಅಂಕಿ ಕೆಟ್ಟದಾಗಿ ಬಂದ ದಿನವೂ ಅದನ್ನೇ ಹೇಳಬೇಕು. ಒಂದು ದಿನ ಮುಚ್ಚಿಟ್ಟರೂ ಮರುದಿನದ ಮಾತನ್ನು ಯಾರೂ ನಂಬುವುದಿಲ್ಲ.

ತಡೆದುಕೊಳ್ಳಲಾಗದವರು ಯಾರು

ಆಸ್ಪತ್ರೆ, ಡಯಾಲಿಸಿಸ್ ಕೇಂದ್ರ, ವೃದ್ಧಾಶ್ರಮ, ಅಗ್ನಿಶಾಮಕ ಠಾಣೆ, ಸಂಪಿಲ್ಲದ ಸಣ್ಣ ಮನೆಗಳ ಓಣಿಗಳು: ಇವುಗಳ ಪಟ್ಟಿಯನ್ನು ಕಚೇರಿಯಲ್ಲಿ ಕೂತು ಮಾಡಬೇಡಿ, ಹೋಗಿ ನೋಡಿ. ‘ಎರಡು ದಿನದ ಸಂಗ್ರಹವಿದೆ’ ಎನ್ನುವ ಆಸ್ಪತ್ರೆಯ ಟ್ಯಾಂಕಿನ ಅರ್ಧ ಬೆಂಕಿ ಆರಿಸುವುದಕ್ಕೆ ಮೀಸಲಾಗಿರಬಹುದು.

ಡಯಾಲಿಸಿಸ್ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳಲೇಬೇಕು. ನಿಮಿಷಕ್ಕೆ ಅರ್ಧ ಲೀಟರಿನಂತೆ ನಾಲ್ಕು ಗಂಟೆಯ ಒಂದು ಚಿಕಿತ್ಸೆಗೆ 120 ಲೀಟರ್ ಶುದ್ಧೀಕರಿಸಿದ ನೀರು ಬೇಕು. ಶುದ್ಧೀಕರಣದಲ್ಲಿ ಹೊರಹೋಗುವ ನೀರನ್ನೂ ಸೇರಿಸಿದರೆ ನಲ್ಲಿಯಿಂದ ಎಳೆಯುವುದು ಅದಕ್ಕಿಂತ ಬಹಳ ಹೆಚ್ಚು. ಅದಕ್ಕಿಂತ ಮುಖ್ಯವಾದದ್ದು, ದುರಸ್ತಿಯ ನಂತರ ನೀವು ಕ್ಲೋರಿನ್ ಏರಿಸುತ್ತೀರಿ. ಅವರ ಕಾರ್ಬನ್ ಫಿಲ್ಟರು ಎಂದಿನ ಪ್ರಮಾಣಕ್ಕೆ ತಕ್ಕಂತೆ ಇರುತ್ತದೆ. ಹೆಚ್ಚಿದ ಕ್ಲೋರಿನ್ ಅಥವಾ ಕ್ಲೋರಮಿನ್ ಅದನ್ನು ದಾಟಿದರೆ ರೋಗಿಯ ಕೆಂಪು ರಕ್ತಕಣಗಳೇ ಒಡೆಯುತ್ತವೆ. ಕ್ಲೋರಿನ್ ಬದಲಿಸುವ ದಿನ ಮತ್ತು ಗಂಟೆಯನ್ನು ಆ ಕೇಂದ್ರಗಳಿಗೆ ಮುಂಚೆಯೇ ಬರಹದಲ್ಲಿ ತಿಳಿಸಿ, ಅವರಿಂದ ಮರು ಉತ್ತರ ಪಡೆಯಿರಿ.

ಟ್ಯಾಂಕರುಗಳನ್ನು ಈ ಪಟ್ಟಿಗೇ ಮೀಸಲಿಡಿ. 10 ಲಕ್ಷ ಲೀಟರನ್ನು 10,000 ಲೀಟರಿನ ಟ್ಯಾಂಕರಿನಲ್ಲಿ ಸಾಗಿಸಲು 100 ಸುತ್ತು ಬೇಕು. ತುಂಬಲು, ಹೋಗಲು, ಇಳಿಸಲು, ಮರಳಲು ಒಂದೂವರೆ ಗಂಟೆಯಾದರೆ ಹದಿನೈದು ಗಂಟೆಯಲ್ಲಿ ಒಂದು ಗಾಡಿಗೆ ಹತ್ತೇ ಸುತ್ತು. ಇಡೀ ನಗರದ ಕೊರತೆಯನ್ನು ಟ್ಯಾಂಕರಿನಿಂದ ತುಂಬಿಸುತ್ತೇವೆ ಎಂಬ ಭರವಸೆ ಈ ಗುಣಾಕಾರದ ಮುಂದೆ ನಿಲ್ಲುವುದಿಲ್ಲ. ಪ್ರತಿ ಟ್ಯಾಂಕರಿನಲ್ಲೂ ಲೀಟರಿಗೆ ಕನಿಷ್ಠ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೇ ಎಂದು ತುಂಬುವ ಜಾಗದಲ್ಲೇ ಪರೀಕ್ಷಿಸಿ.

ಖಾಲಿ ಮಾಡುವಾಗ

ಟ್ಯಾಂಕಿನ ನೀರನ್ನು ಚರಂಡಿಗೆ ಬಿಡಬೇಡಿ, ಊರಿಗೇ ಕುಡಿಸಿ. ಎರಡು ದಿನ ಮುಂಚೆ ಒಳಹರಿವು ತಗ್ಗಿಸಿದರೆ ಮಟ್ಟ ತಾನಾಗಿ ಇಳಿಯುತ್ತದೆ. ತಳದಿಂದ ಸುಮಾರು 30 ಸೆಂಟಿಮೀಟರ್ ಉಳಿದಾಗ ಹೊರಹರಿವು ಮುಚ್ಚಿ. ಅದರ ಕೆಳಗಿನದು ಕೆಸರು ಕಲಸಿದ ನೀರು, ಅದು ಸ್ಕವರ್ ಮೂಲಕವೇ ಹೋಗಲಿ. ಅದು ಕೆರೆಗೋ ಹಳ್ಳಕ್ಕೋ ಸೇರುವಂತಿದ್ದರೆ ಸೋಡಿಯಂ ಥಯೋಸಲ್ಫೇಟ್ ಹಾಕಿ ಕ್ಲೋರಿನ್ ತೆಗೆಯಿರಿ. ನಮಗೆ ಹಿತವಾದ ಪ್ರಮಾಣವೂ ಮೀನುಗಳಿಗೆ ವಿಷ.

ನೆಲದೊಳಗಿನ ತೊಟ್ಟಿಯಾದರೆ ಖಾಲಿ ಮಾಡುವ ಮೊದಲು ಸುತ್ತಲಿನ ಅಂತರ್ಜಲದ ಮಟ್ಟ ನೋಡಲೇಬೇಕು. ತುಂಬಿದ ತೊಟ್ಟಿ ತನ್ನ ಭಾರದಿಂದ ಕೂತಿರುತ್ತದೆ. ಖಾಲಿಯಾದ ತೊಟ್ಟಿಯನ್ನು ಸುತ್ತಲಿನ ನೀರು ಕೆಳಗಿನಿಂದ ಎತ್ತುತ್ತದೆ, ದೋಣಿಯಂತೆ. ಮಳೆಗಾಲದಲ್ಲಿ ಹೀಗೆ ತಳದ ಚಪ್ಪಡಿ ಬಿರಿಯುತ್ತದೆ, ಕೊಳವೆಯ ಜೋಡಣೆ ಕಿತ್ತುಬರುತ್ತದೆ. ಅಂತರ್ಜಲ ತಳಕ್ಕಿಂತ ಮೇಲಿದ್ದರೆ ಸುತ್ತ ಬಾವಿ ತೋಡಿ ನೀರೆತ್ತಿ, ಇಲ್ಲವೇ ಕೆಲಸವನ್ನು ಬೇಸಿಗೆಯ ಕೊನೆಗೆ ದೂಡಿ.

ಅಣೆಕಟ್ಟಿನ ಮಟ್ಟ ಇಳಿಸುವುದಾದರೆ ಅವಸರ ಇನ್ನೂ ಅಪಾಯ. ಮಣ್ಣಿನ ಏರಿಯೊಳಗೆ ಸೇರಿದ ನೀರು ಹೊರಗಿನ ನೀರಿನಷ್ಟು ಬೇಗ ಇಳಿಯುವುದಿಲ್ಲ. ಹೊರಗಿನ ಆಸರೆ ತಪ್ಪಿದಾಗ ಒದ್ದೆಯ ಇಳಿಜಾರು ಜಾರುತ್ತದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಲೂಯಿಸ್ ಅಣೆಕಟ್ಟಿನ ನೀರ ಕಡೆಯ ಇಳಿಜಾರು 1981ರಲ್ಲಿ ಜಾರಿದ್ದು ಮಟ್ಟ ಬಹಳ ಇಳಿಸಿದ ನಂತರ. ದಿನಕ್ಕೆ ಎಷ್ಟು ಇಳಿಸಬಹುದು ಎಂಬುದನ್ನು ಏರಿಯ ವಿನ್ಯಾಸ ಬಲ್ಲ ಎಂಜಿನಿಯರಿಂದಲೇ ಬರೆಸಿಕೊಳ್ಳಿ. ಮಟ್ಟ ಇಳಿದಂತೆ ತಳದ ನೀರಿನಲ್ಲಿ ಕಬ್ಬಿಣ, ಮ್ಯಾಂಗನೀಸ್, ರಾಡಿ ಹೆಚ್ಚುತ್ತವೆ. ಪ್ರತಿ ಪಾಳಿಯಲ್ಲೂ ಜಾರ್ ಟೆಸ್ಟ್ (ಜಾಡಿಗಳಲ್ಲಿ ಬೇರೆ ಬೇರೆ ಪ್ರಮಾಣ ಬೆರೆಸಿ ನೋಡುವ ಪರೀಕ್ಷೆ) ಮಾಡಿ, ರಾಡಿ ಇಳಿಸುವ ಆಲಂ ಪ್ರಮಾಣ ಸರಿಪಡಿಸಿ. ನೀರೆತ್ತುವ ಬಾಯಿಯ ಮೇಲೆ ಸುಳಿ ಕಂಡರೆ ಪಂಪು ಗಾಳಿ ಎಳೆಯುತ್ತಿದೆ ಎಂದರ್ಥ. ಒಂದು ಪಂಪು ನಿಲ್ಲಿಸಿ.

ಒಳಗೆ ಇಳಿಯುವ ಮುನ್ನ ಆಮ್ಲಜನಕ ಶೇ. 19.5ಕ್ಕಿಂತ ಹೆಚ್ಚಿದೆಯೇ, ಹೈಡ್ರೋಜನ್ ಸಲ್ಫೈಡ್ ಹತ್ತು ಲಕ್ಷದಲ್ಲಿ 10 ಭಾಗಕ್ಕಿಂತ ಕಡಿಮೆಯಿದೆಯೇ ಎಂದು ಮಾಪಕದಿಂದ ನೋಡಿ. ಗಾಳಿ ಊದುವ ಬ್ಲೋವರ್ ಓಡುತ್ತಲೇ ಇರಲಿ. ಬಾಯಿಯ ಬಳಿ ಒಬ್ಬರು ಸದಾ ಇರಬೇಕು, ಒಳಗಿದ್ದವರು ಕುಸಿದರೂ ಅವರು ಹಾಗೇ ಇಳಿಯಬಾರದು. ಇಂಥ ಕಡೆ ಎರಡನೇ, ಮೂರನೇ ಜೀವ ಹೋಗುವುದು ಕಾಪಾಡಲು ಹಾರಿದವರದು. ಮುಚ್ಚಿದ ವಾಲ್ವುಗಳಿಗೆ ಬೀಗ ಹಾಕಿ, ಕೀಲಿ ಒಳಗಿಳಿದವರ ತಂಡದ ಬಳಿಯೇ ಇರಲಿ.

ನಿಲ್ಲಿಸುವ ಗಡಿ

ಕೆಲಸ ಶುರುವಾಗುವ ಮೊದಲೇ ‘ಇಷ್ಟಾದರೆ ವಾಪಸು’ ಎಂದು ಬರೆದಿಡಿ. ಬೆಳಿಗ್ಗೆ ಆರಕ್ಕೆ ಉಳಿದ ಕೋಣೆಯ ಮಟ್ಟ ಸತತ ಎರಡು ದಿನ ಶೇ. 80ಕ್ಕಿಂತ ಕೆಳಗಿದ್ದರೆ ಮುಂದಿನ ಹಂತದ ನಿರ್ಬಂಧ, ಶೇ. 60ಕ್ಕೆ ಬಂದರೆ ದುರಸ್ತಿ ನಿಲ್ಲಿಸಿ ಕೋಣೆ ಮರಳಿ ತುಂಬುವುದು. ನಿಮ್ಮ ಅಂಕಿಗಳು ಬೇರೆಯಿರಲಿ, ಅಂಕಿ ಮಾತ್ರ ಇರಲೇಬೇಕು. ಕೆಲಸ ಅರ್ಧಕ್ಕೆ ಬಂದ ಮೇಲೆ ‘ಇನ್ನೆರಡು ದಿನ ನೋಡೋಣ’ ಎನ್ನುವುದು ಮನುಷ್ಯ ಸ್ವಭಾವ. ನ್ಯೂಯಾರ್ಕ್ ನಗರಕ್ಕೆ ಸುಮಾರು ಅರ್ಧದಷ್ಟು ನೀರು ತರುವ ಡೆಲವೇರ್ ಸುರಂಗ ದಿನಕ್ಕೆ 13 ಕೋಟಿ ಲೀಟರಿನವರೆಗೂ ಸೋರುತ್ತಿತ್ತು. ವರ್ಷಗಟ್ಟಲೆ ಸಿದ್ಧತೆ ಮಾಡಿ, ಹಡ್ಸನ್ ನದಿಯ ಅಡಿಯಲ್ಲಿ ಬದಲಿ ಸುರಂಗ ಕೊರೆದು, 2024ರ ಅಕ್ಟೋಬರಿನಲ್ಲಿ ಹಳೆಯ ಸುರಂಗವನ್ನು ಮುಚ್ಚಿದರು. ಬರ ಬಿಗಿಯಾದಾಗ ನವೆಂಬರಿನಲ್ಲೇ ಕೆಲಸ ತಡೆಹಿಡಿದು ಸುರಂಗವನ್ನು ಮತ್ತೆ ಬಳಕೆಗೆ ತಂದರು. ಅಷ್ಟು ದೊಡ್ಡ ಯೋಜನೆಯೂ ಹಿಂದೆ ಸರಿಯಬಹುದಾದರೆ ಒಂದು ಟ್ಯಾಂಕಿನ ದುರಸ್ತಿ ಸರಿಯಬಾರದೇಕೆ?

ಮನೆಗಳಲ್ಲಿ, ಸಮುಚ್ಚಯಗಳಲ್ಲಿ

400 ಜನರಿರುವ ಸಮುಚ್ಚಯ, ತಲೆಗೆ 100 ಲೀಟರ್ ಎಂದರೆ ದಿನಕ್ಕೆ 40,000 ಲೀಟರ್. ತಲೆಗೆ 70ಕ್ಕೆ ಇಳಿಸಿದರೆ 28,000. ಸಂಪು 60,000 ಲೀಟರಿನದಾದರೆ ಒಂದೂವರೆ ದಿನ ಬರುತ್ತಿದ್ದದ್ದು ಎರಡು ದಿನ ದಾಟುತ್ತದೆ. ಈ ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಹಾಕಿ.

ಸಂಪನ್ನು ತುಂಬಿಸುವ ಮೊದಲು ತೊಳೆಸಿ, ತುಂಬಿದ ಮೇಲಲ್ಲ. ಫ್ಲಶ್ ತೊಟ್ಟಿಗೆ ಸ್ವಲ್ಪ ಬಣ್ಣ ಹಾಕಿ ಅರ್ಧ ಗಂಟೆ ಬಿಡಿ. ಫ್ಲಶ್ ಮಾಡದೆಯೂ ಕೆಳಗಿನ ಬಟ್ಟಲಿಗೆ ಬಣ್ಣ ಇಳಿದರೆ ತಳದ ರಬ್ಬರು ಹೋಗಿದೆ. ಸದ್ದಿಲ್ಲದೆ ದಿನಕ್ಕೆ ನೂರಾರು ಲೀಟರ್ ಹೋಗುವುದು ಇಲ್ಲಿಂದ. ಸೆಕೆಂಡಿಗೊಂದು ಹನಿ ತೊಟ್ಟಿಕ್ಕುವ ನಲ್ಲಿಯಿಂದ ಹೋಗುವುದು ದಿನಕ್ಕೆ ಸುಮಾರು 20 ಲೀಟರ್.

ನೀರು ಕಡಿಮೆ ಬರುತ್ತಿದೆ ಎಂದು ಬೀದಿ ಕೊಳವೆಗೆ ನೇರವಾಗಿ ಮೋಟಾರು ಹಾಕಿ ಎಳೆಯಬೇಡಿ. ಎಳೆತಕ್ಕೆ ಪಕ್ಕದ ಮನೆಯ ನೀರಷ್ಟೇ ಬರುವುದಿಲ್ಲ, ಬಿರುಕಿನ ಹೊರಗಿನ ಕೊಳಕೂ ಬರುತ್ತದೆ. ಮೇಲಿನ ಟ್ಯಾಂಕು ಖಾಲಿಯಾಗುವಂತಿದ್ದರೆ ಗೀಸರಿನ ಸ್ವಿಚ್ ತೆಗೆಯಿರಿ. ನೀರಿಲ್ಲದೆ ಕಾದರೆ ಸುರುಳಿ ಸುಡುತ್ತದೆ.

ಮತ್ತೆ ತುಂಬುವುದು

ದುರಸ್ತಿ ಮುಗಿದ ಸಂಭ್ರಮದಲ್ಲಿ ಅವಸರ ನುಗ್ಗುವ ಘಟ್ಟವಿದು.

40 ಲಕ್ಷ ಲೀಟರಿನ ಕೋಣೆಯನ್ನು ತೊಳೆದ ಮೇಲೆ ಸೋಂಕು ನಿವಾರಣೆಗೆ ಮಿತವ್ಯಯದ ಕ್ರಮ ಹೀಗಿದೆ. ಮೊದಲು ಶೇ. 5ರಷ್ಟು, ಅಂದರೆ 2 ಲಕ್ಷ ಲೀಟರ್ ನೀರು ಬಿಟ್ಟು ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಆಗುವಂತೆ ಬೆರೆಸಿ. ಇದಕ್ಕೆ 10 ಕಿಲೋ ಕ್ಲೋರಿನ್ ಬೇಕು, ಶೇ. 30 ಸತ್ವವಿರುವ ಬ್ಲೀಚಿಂಗ್ ಪೌಡರಿನಲ್ಲಿ ಸುಮಾರು 33 ಕಿಲೋ. ಪುಡಿಯನ್ನು ನೇರವಾಗಿ ಸುರಿಯಬೇಡಿ. ಡ್ರಮ್ಮಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಹಾಕಿ. ಹಳೆಯ ಚೀಲದ ಪುಡಿಯ ಸತ್ವ ಅರ್ಧಕ್ಕಿಳಿದಿರಬಹುದು, ಪರೀಕ್ಷಿಸಿಯೇ ತೂಗಿ. ಕನಿಷ್ಠ ಆರು ಗಂಟೆ ಬಿಟ್ಟು, ಬಳಿಕ ಪೂರ್ತಿ ತುಂಬಿ 24 ಗಂಟೆ ಇರಿಸಿ. ಕೊನೆಗೂ ಲೀಟರಿಗೆ 2 ಮಿಲಿಗ್ರಾಂಗಿಂತ ಕಡಿಮೆಯಾಗಬಾರದು. ಜೀವಾಣು ಪರೀಕ್ಷೆಯ ಫಲ ಬಂದ ಮೇಲಷ್ಟೇ ಊರಿಗೆ ಬಿಡಿ. ಫಲ ಬರಲು ಒಂದು ದಿನವಾದರೂ ಬೇಕು. ಈ ಎರಡು ಮೂರು ದಿನಗಳನ್ನು ಪ್ರಕಟಣೆಯ ಅವಧಿಯಲ್ಲೇ ಸೇರಿಸಿರಬೇಕು.

ಖಾಲಿಯಾದ ಮುಖ್ಯ ಕೊಳವೆಯನ್ನು ಸೆಕೆಂಡಿಗೆ 0.3 ಮೀಟರಿಗಿಂತ ವೇಗವಾಗಿ ತುಂಬಬೇಡಿ. 600 ಮಿಲಿಮೀಟರಿನ ಐದು ಕಿಲೋಮೀಟರ್ ಕೊಳವೆ ಹಿಡಿಯುವುದು 14 ಲಕ್ಷ ಲೀಟರ್. ಈ ವೇಗದಲ್ಲಿ ಅದಕ್ಕೆ ನಾಲ್ಕೂವರೆ ಗಂಟೆಗೂ ಹೆಚ್ಚು ಹಿಡಿಯುತ್ತದೆ. ಪ್ರತಿ ಏರುದಿಬ್ಬದಲ್ಲಿ ಗಾಳಿ ಹೊರಬಿಡುವ ಏರ್ ವಾಲ್ವಿನ ಬಳಿ ಒಬ್ಬರು ನಿಂತು, ಬುಸುಗುಟ್ಟುವ ಗಾಳಿ ನಿಂತು ನೀರು ಚಿಮ್ಮಿ, ಒಳಗಿನ ಚೆಂಡು ಮೇಲೆ ಕೂತಿತೇ ಎಂದು ನೋಡಿ ಮುಂದಿನವರಿಗೆ ತಿಳಿಸಬೇಕು. ಸಿಕ್ಕಿಕೊಂಡ ಗಾಳಿ ಹರಿವನ್ನು ಅರ್ಧಕ್ಕೆ ಇಳಿಸಬಲ್ಲದು, ಒಮ್ಮೆಗೇ ಹೊರಬಿದ್ದರೆ ಕೊಳವೆಯನ್ನೇ ಒಡೆಯಬಲ್ಲದು.

ಊರಿಗೆ ನೀರು ಬಿಟ್ಟ ದಿನ ಎಲ್ಲ ಸಂಪುಗಳ ಚೆಂಡು ವಾಲ್ವುಗಳೂ ಒಟ್ಟಿಗೇ ತೆರೆದಿರುತ್ತವೆ. ಅಂದಿನ ಬೇಡಿಕೆ ಎಂದಿನದಕ್ಕಿಂತ ಬಹಳ ಹೆಚ್ಚು. ಹಾಗಾಗಿ ತುಂಬಿಸುವ ಸರದಿ ಕೊನೆಯ ದಿನಕ್ಕೂ ಬೇಕು. ಮೊದಲ ನೀರನ್ನು ಬಿಳಿ ಬಟ್ಟಲಿನಲ್ಲಿ ಹಿಡಿದು ನೋಡಿ. ತಳದಲ್ಲಿ ತೆಳು ಕಂದು ಗೆರೆ ಕಂಡರೂ ಸಂಪಿಗೆ ಬಿಡದೆ ಹತ್ತು ಇಪ್ಪತ್ತು ನಿಮಿಷ ಗಿಡಗಳಿಗೆ, ನೆಲ ತೊಳೆಯಲು ಬಳಸಿ. ಮನೆಯ ಫಿಲ್ಟರಿನ ಒಳದಾರಿಯನ್ನು ಅಂದು ಮುಚ್ಚಿಡಿ. ದೂರದ ನಲ್ಲಿಗಳಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಸಿಗುವವರೆಗೆ ಕುಡಿಯುವ ನೀರನ್ನು ಕುದಿಸಿ ಎಂಬ ಸೂಚನೆ ಹಿಂಪಡೆಯಬೇಡಿ.

ವಾರದ ನಂತರ ರಾತ್ರಿ 2ರಿಂದ 4ರ ಹರಿವನ್ನು ಮತ್ತೆ ಅಳೆದು ಹಳೆಯ ಅಂಕಿಗೆ ಹೋಲಿಸಿ. ಏರಿದ್ದರೆ ತುಂಬುವಾಗ ಎಲ್ಲೋ ಜೋಡಣೆ ಬಿಟ್ಟಿದೆ. ಹರಿವು ಸರಿಯಿದ್ದೂ ಒಂದೆರಡು ಬೀದಿಗಳಿಂದ ಮಾತ್ರ ‘ಮುಂಚಿನಷ್ಟು ಬರುತ್ತಿಲ್ಲ’ ಎಂಬ ದೂರು ನಿಲ್ಲದಿದ್ದರೆ ವಾಲ್ವಿನ ಪುಸ್ತಕ ತೆಗೆಯಿರಿ. 38 ಸುತ್ತು ಮುಚ್ಚಿದ ಎದುರಿಗೆ ತೆರೆದದ್ದು 38 ಎಂದು ಬರೆದು ಸಹಿಯಾಗಿದೆಯೇ, ಇಲ್ಲ 31ಕ್ಕೇ ನಿಂತಿದೆಯೇ ನೋಡಿ.